ಅಪ್ಪ ಕೆರೆಯ ದಂಡೆಯಲ್ಲಿ ಕೂತ ಚಳಿಗಾಲ

ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಗಡಿಯಾರವಿದ್ದ ಮನೆ ಒಂದೋ ಎರಡೋ. ಉಳಿದವರಿಗೆ ಹೊತ್ತು ತಿಳಿಯುತ್ತಿದ್ದುದು ನಮ್ಮ ಅವಲಕ್ಕಿ ಭಟ್ಟಿಯಿಂದ. ಬೆಳಕು ಹರಿಯುತ್ತಲೇ ಭಟ್ಟಿಯ ಒಲೆಗೆ ಹೊಟ್ಟು ಸುರಿಯುತ್ತಿದ್ದರು. ನೆನೆದ ಭತ್ತ ಕಾದ ಉಸುಕಿನಲ್ಲಿ ಬಿದ್ದು ಚಟಚಟನೆ ಸಿಡಿಯುವ ಸದ್ದು, ಅದರ ಹಿಂದೆಯೇ ಒನಕೆಗಳ ಧಡ್ ಧಡ್, ಎಲ್ಲದರ ಮೇಲೆ ಅಪ್ಪನ ಕೂಗು. ಹುರಿದ ಭತ್ತದ ಆ ಬೆಚ್ಚನೆಯ ವಾಸನೆ ನಮ್ಮ ಬಟ್ಟೆಗೆ, ಹಾಸಿಗೆಗೆ, ತಲೆಗೂದಲಿಗೆ ಅಂಟಿಕೊಂಡಿರುತ್ತಿತ್ತು. ಸಾಲೆಯಲ್ಲಿ ನನ್ನ ಪಕ್ಕದ ಹುಡುಗಿಯರು ಮೂಸಿ ನೋಡಿ ನಗುತ್ತಿದ್ದರು.

ಅಪ್ಪ ಕೂತದ್ದನ್ನು ನಾನು ಕಂಡವಳೇ ಅಲ್ಲ. ನಿಂತೇ ಚಹಾ ಕುಡಿಯುತ್ತಿದ್ದ. ಬೆಳಗಿನ ಲಿಂಗಪೂಜೆಯನ್ನೂ ಒಂದು ಕಿವಿ ಭಟ್ಟಿಯ ಕಡೆಗೆ ಇಟ್ಟುಕೊಂಡೇ ಮುಗಿಸುತ್ತಿದ್ದ. ನಡುವೆ ಒನಕೆಯ ಸದ್ದು ನಿಂತರೆ ಹಣೆಯ ವಿಭೂತಿ ಆರುವ ಮೊದಲೇ ಎದ್ದು ಓಡುತ್ತಿದ್ದ. ನನ್ನ ಜೊತೆಗೆ ಅವನು ಆಡುತ್ತಿದ್ದ ಮಾತುಗಳನ್ನು ಲೆಕ್ಕ ಹಾಕಿದರೆ ನಾಲ್ಕೈದು ಆಗಬಹುದು: ನೀರು ತಾ, ದಾರಿ ಬಿಡು, ಮೆಲ್ಲಗೆ ಮಾತಾಡು, ಅವ್ವನ್ನ ಕರಿ. ಕೆಟ್ಟವನಲ್ಲ. ಪುರುಸೊತ್ತಿಲ್ಲದವನು. ಆ ವಯಸ್ಸಿನಲ್ಲಿ ನನಗೆ ಎರಡರ ವ್ಯತ್ಯಾಸ ಗೊತ್ತಿರಲಿಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ, ದೀಪಾವಳಿ ಮುಗಿದ ನಾಲ್ಕನೆಯ ದಿನ, ಅಪ್ಪ ಭಟ್ಟಿಯ ಮುಂದೆಯೇ ಬಿದ್ದ. ಯಾರನ್ನೋ ಬೈಯುತ್ತಿದ್ದ ಮಾತು ಬಾಯಲ್ಲೇ ತೊದಲಿತಂತೆ, ಎಡಗೈ ಜೋತುಬಿದ್ದಿತಂತೆ. ನಾನು ಸಾಲೆಯಿಂದ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಮಲಗಿಸಿದ್ದರು. ಓಣಿಯ ಜನರೆಲ್ಲ ಬಾಗಿಲಲ್ಲಿ ನಿಂತಿದ್ದರು. ನನಗೆ ಮೊದಲು ಅನುಭವಕ್ಕೆ ಬಂದದ್ದು ಒನಕೆಗಳ ಸದ್ದು ನಿಂತಿರುವುದು. ಅಷ್ಟು ಸುಮ್ಮನಾದ ನಮ್ಮ ಮನೆಯನ್ನು ನಾನು ಅದಕ್ಕೂ ಮುಂಚೆ ಒಂದೇ ಸಲ ಕಂಡಿದ್ದೆ. ಐದು ವರ್ಷದ ಹಿಂದೆ, ಅಕ್ಕ ತೀರಿಕೊಂಡ ಸುದ್ದಿ ಬಂದ ದಿನ.

ರಕ್ತದ ಒತ್ತಡ ಏರಿದೆ ಎಂದು ಡಾಕ್ಟರು ಹೇಳಿದರು. ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ಎರಡು ವಾರ ದಿನವೂ ಬಂದು ನೋಡಿದರು. ಅಪ್ಪನ ಮಾತು ತಿರುಗಿ ಬಂತು, ಎಡಗೈ ಮಾತ್ರ ಪೂರ್ತಿ ಬರಲಿಲ್ಲ. ಎದ್ದು ನಡೆಯುವಂತಾದ ದಿನವೇ ಅಪ್ಪ ಭಟ್ಟಿಗೆ ಹೊರಟ. ಡಾಕ್ಟರು ಅವನನ್ನು ಕೂರಿಸಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಸಾವಕಾರ್ರ, ನನ್ನ ಔಷಧದಿಂದ ಅರ್ಧಾ ಕೆಲಸ ಆಗತೈತಿ. ಉಳಿದ ಅರ್ಧಾ ನೀವು ಮಾಡಬೇಕು. ಮುಂಜಾನೆ ಎರಡು ತಾಸು ಕೆರಿ ದಂಡಿಗೆ ಹೋಗಿ ಸುಮ್ಮನ ಕುಂದರ್ರಿ. ಬೇಸಗಿ ಬರೂ ತನಕ ಭಟ್ಟಿ ಕಡೆ ಹೊಳ್ಳಿ ನೋಡಬ್ಯಾಡ್ರಿ. ಉಪ್ಪು ಬ್ಯಾಡ, ಸಿಟ್ಟು ಬ್ಯಾಡ, ಎದೀಗೆ ಹತ್ತೂ ಅಂಥಾ ಮಾತು ಯಾರೂ ಇವರ ಮುಂದ ಆಡಬ್ಯಾಡ್ರಿ."

ಕೊನೆಯ ಮಾತನ್ನು ಅವರು ನಮ್ಮೆಲ್ಲರ ಕಡೆ ನೋಡಿ ಹೇಳಿದರು. ನಾನು ಅದನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡೆ.

ಭಟ್ಟಿಯನ್ನು ಚಿಕ್ಕಪ್ಪ ನೋಡಿಕೊಂಡ. ಅವ್ವನಿಗೆ ಮನೆಯ ಕೆಲಸ, ಭಟ್ಟಿಯ ಆಳುಗಳ ಅಡಿಗೆ. ತಮ್ಮನಿಗೆ ಇನ್ನೂ ಐದು ವರ್ಷ. ಸಾಲೆ ಹನ್ನೊಂದಕ್ಕೆ ಸುರುವಾಗುತ್ತಿತ್ತು, ಹಾಗಾಗಿ ಅಪ್ಪನನ್ನು ಕೆರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಒಂದು ತಂಬಿಗೆ ನೀರು, ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಅಪ್ಪನಿಗೆ ಹೊದೆಯಲು ಕಂಬಳಿ. ಅಪ್ಪ ಬಲಗೈಯನ್ನು ನನ್ನ ಹೆಗಲ ಮೇಲೆ ಇಟ್ಟು ನಡೆಯುತ್ತಿದ್ದ. ಅಲ್ಲಿಯವರೆಗೆ ಅಪ್ಪನ ಕೈ ನನ್ನ ಮೇಲೆ ಬಿದ್ದದ್ದು ಏಟು ಹಾಕುವಾಗ ಮಾತ್ರ. ಮೊದಲ ದಿನ ನಾನು ಹೆಗಲನ್ನು ಅಲುಗಿಸದೆ ಕಲ್ಲಿನ ಹಾಗೆ ನಡೆದೆ; ಮನೆಗೆ ಬರುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅಪ್ಪ ಮಲಗಿದ್ದಾಗ ಹಿರೇಕೆರೂರಿನಿಂದ ನನ್ನ ಸೋದರತ್ತೆ ನೋಡಲು ಬಂದಿದ್ದಳು. ಅಪ್ಪನಿಗೆ ಒಬ್ಬಳೇ ತಂಗಿ. ನನ್ನ ಮೇಲೆ ಅವಳಿಗೆ ಬಹಳ ಪ್ರೀತಿ. ಬಂದಾಗಲೆಲ್ಲ ನನ್ನ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಎಣ್ಣೆ ಹೋಳಿಗೆ ತಿನ್ನಿಸಿ ಹೋಗುತ್ತಿದ್ದಳು. ಅವಳ ಮಗ ಮಲ್ಲಣ್ಣನಿಗೆ ನನ್ನನ್ನು ಕೊಡುವುದಾಗಿ ಅಪ್ಪ ಎಂದೋ ಮಾತು ಕೊಟ್ಟಿದ್ದ. ಈ ಸಲ ಅತ್ತೆ ಅಪ್ಪನ ಹಾಸಿಗೆಯ ಪಕ್ಕ ಕೂತು ಅಳುತ್ತ, ನಿನ್ನ ಕಣ್ಣ ಮುಂದೆಯೇ ಈ ಒಂದು ಕಾರ್ಯ ಆಗಿಬಿಡಲಿ ಅಣ್ಣಾ ಎಂದಳು. ಎಲ್ಲರೂ ಹೌದು ಎಂದರು. ಸಂಕ್ರಾಂತಿ ಕಳೆದ ಮೇಲೆ ನಿಶ್ಚಯ, ಬೇಸಿಗೆಯಲ್ಲಿ ಮದುವೆ. ನನಗೆ ಯಾರೂ ಹೇಳಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನಾನು ಆಗ ಏಳನೆಯ ಇಯತ್ತೆ. ಬೇಸಿಗೆಗೆ ಮುಲ್ಕಿ, ಅಂದರೆ ಕನ್ನಡ ಸಾಲೆಯ ಕೊನೆಯ ಪರೀಕ್ಷೆ ಇತ್ತು. ನಮ್ಮ ವರ್ಗದಲ್ಲಿ ಮುಲ್ಕಿಗೆ ಕೂರುವ ಹುಡುಗಿಯರು ಇಬ್ಬರೇ. ಅಷ್ಟಾದ ಮೇಲೆ ಹೈಸ್ಕೂಲಿಗೆ ಹೋಗುವ ಆಸೆಯನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಕೆರೆಯ ಏರಿಯ ಮೇಲೆ, ಗದ್ದೆಗಳಿಗೆ ನೀರು ಬಿಡುವ ತೂಬಿನ ಹತ್ತಿರ, ಒಂದು ಚಪ್ಪಟೆ ಕಲ್ಲಿತ್ತು. ನಾವು ಅಲ್ಲಿ ಕೂರುತ್ತಿದ್ದೆವು. ಮಾಗಿಯ ಚಳಿ. ನೀರಿನ ಮೇಲೆ ಹೊಗೆಯ ಹಾಗೆ ಮಂಜು ಎದ್ದು ಸುಳಿದಾಡುತ್ತಿತ್ತು. ಕೆಸರಿನ ವಾಸನೆ, ಕೊಳೆತ ತಾವರೆ ಎಲೆಯ ವಾಸನೆ, ಏರಿಯ ಕೆಳಗಿನಿಂದ ಹೊಸದಾಗಿ ಕೊಯ್ದ ಭತ್ತದ ಹುಲ್ಲಿನ ವಾಸನೆ. ಬಿಸಿಲು ಮೊದಲು ದೂರದ ದಂಡೆಗೆ ಬಿದ್ದು, ನೀರಿನ ಮೇಲೆ ಮೆಲ್ಲಗೆ ನಮ್ಮ ಕಡೆಗೆ ಬರುತ್ತಿತ್ತು. ಅದು ಬಂದು ಕಾಲಿಗೆ ಮುಟ್ಟುವವರೆಗೆ ನಾನು ಬೆರಳುಗಳನ್ನು ಲಂಗದೊಳಗೆ ಮಡಚಿಕೊಂಡು ಕೂತಿರುತ್ತಿದ್ದೆ.

ಮೊದಲ ಎರಡು ವಾರ ಅಪ್ಪ ಕೂತಲ್ಲಿ ಕೂರಲಿಲ್ಲ. ಬೆನ್ನು ಕೆರೆಗೆ, ಮುಖ ರಸ್ತೆಗೆ. ಭತ್ತದ ಚೀಲ ಹೇರಿದ ಚಕ್ಕಡಿಗಳು ಊರಿನ ಕಡೆಗೆ ಹೋಗುತ್ತಿದ್ದವು. ಅಪ್ಪ ಒಂದೊಂದನ್ನೂ ನೋಡಿ, ಇದು ಯಾವ ಊರಿನದು, ಯಾರ ಭಟ್ಟಿಗೆ ಹೋಗುತ್ತದೆ ಎಂದು ಗೊಣಗುತ್ತಿದ್ದ. ನಾಲ್ಕು ಸಲ ನನ್ನನ್ನು ಎಬ್ಬಿಸಿ ಚಿಕ್ಕಪ್ಪನಿಗೆ ಏನಾದರೊಂದು ಹೇಳಿ ಬರಲು ಓಡಿಸಿದ. ಐದನೆಯ ಸಲ ಚಿಕ್ಕಪ್ಪ ನನ್ನನ್ನು ಹಿಡಿದು ನಿಲ್ಲಿಸಿ, ಅಣ್ಣ ಏನು ಹೇಳಿ ಕಳಿಸಿದರೂ ಹೇಳಿ ಬಂದೆ ಅನ್ನು, ಆದರೆ ಇಲ್ಲಿಗೆ ಬರಬೇಡ ಎಂದ. ಅಲ್ಲಿಂದ ನಾನು ಏರಿಯ ತಿರುವಿನಲ್ಲಿ ಒಂದಿಷ್ಟು ಹೊತ್ತು ನಿಂತು ತಿರುಗಿ ಬರುತ್ತಿದ್ದೆ. ಅಪ್ಪನಿಗೆ ಗೊತ್ತಾಯಿತೋ ಏನೋ, ಕಳಿಸುವುದನ್ನು ಬಿಟ್ಟ.

ತೂಬನ್ನು ಕಾಯುವವನು ಫಕೀರಪ್ಪ. ಕೆರೆಯ ನೀರನ್ನು ಯಾವ ಗದ್ದೆಗೆ ಯಾವಾಗ ಬಿಡಬೇಕು ಎಂದು ನೋಡಿಕೊಳ್ಳುವ ನೀರಗಂಟಿ. ದಿನವೂ ಬೆಳಿಗ್ಗೆ ಬಂದು, ತೂಬಿನ ಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ನೀರು ನೋಡುತ್ತಿದ್ದ. ಅಷ್ಟೇ. ಅರ್ಧ ತಾಸು, ಒಮ್ಮೊಮ್ಮೆ ಒಂದು ತಾಸು. ಅಪ್ಪನಿಗೆ ಅದನ್ನು ಕಂಡರೆ ತಡೆಯಲಾಗುತ್ತಿರಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟ.

"ಫಕೀರಪ್ಪ, ದಿನಾ ಅಷ್ಟೊತ್ತು ಏನ್ ನೋಡ್ತೀಯೋ ಅದರಾಗ?"

ಫಕೀರಪ್ಪ ಯೋಚನೆ ಮಾಡಿ ಉತ್ತರ ಕೊಟ್ಟ. "ಹಿಂಗ ಅಂತ ಹೇಳಾಕ ಬರೂದಿಲ್ರಿ ಸಾವಕಾರ್ರ. ನಿನ್ನಿ ನೀರು ಇವತ್ತಿಲ್ಲ. ನೋಡಿದವಗ ಗೊತ್ತಾಗತೈತಿ. ಭಾಳ ಹೊತ್ತು ನೋಡಬೇಕಾಗತೈತಿ, ಅಷ್ಟ."

ಅಪ್ಪ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಕಲ್ಲಿನ ಮೇಲೆ ಹೊರಳಿ ಕೂತು ಕೆರೆಯ ಕಡೆಗೆ ಮುಖ ಮಾಡಿದ. ಬೇಸರದಿಂದಲೋ, ಹಟದಿಂದಲೋ. ಏನಿದ್ದರೂ ಅಂದಿನಿಂದ ರಸ್ತೆಯ ಕಡೆಗೆ ಮುಖ ಹಾಕಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಏನೂ ನಡೆಯಲಿಲ್ಲ. ಚಳಿಗೆ ಎಲ್ಲಿಂದಲೋ ಬಂದಿದ್ದ ಬಾತುಗಳು ನಡುನೀರಿನಲ್ಲಿ ಕಪ್ಪು ಗೆರೆಯ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಒಂದು ಮಿಂಚುಳ್ಳಿ ತೂಬಿನ ಕಂಬದ ಮೇಲೆ ಕೂತು, ಬಾಣದ ಹಾಗೆ ನೀರಿಗೆ ಬಿದ್ದು, ಹತ್ತರಲ್ಲಿ ಏಳು ಸಲ ಬರಿಬಾಯಲ್ಲಿ ಮೇಲೆ ಬರುತ್ತಿತ್ತು. ಅಪ್ಪನಿಗೆ ಅದರ ಮೇಲೆ ಮಮತೆ ಹುಟ್ಟಿತು. ಈ ಸಲ ಸಿಕ್ಕಿತು ನೋಡು ಎಂದು ನನ್ನ ಮೊಣಕೈ ಮುಟ್ಟಿ ತೋರಿಸುತ್ತಿದ್ದ. ನಾನು ಆಣಿಕಲ್ಲು ಆಡುತ್ತಿದ್ದೆ. ಐದು ಹರಳುಗಳನ್ನು ಎಸೆದು ಅಂಗೈಯಲ್ಲಿ, ಮುಂಗೈಯಲ್ಲಿ ಹಿಡಿಯುವ ಆಟ. ಒಂದು ಬೆಳಿಗ್ಗೆ ಅಪ್ಪ ಕೈ ಚಾಚಿ, ಕೊಡು ಇಲ್ಲಿ ಎಂದ. ಬಲಗೈಯಲ್ಲಿ ಆಡಿ ಸೋತ. ಮರುದಿನ ಎಡಗೈಯಲ್ಲಿ ಆಡಲು ನೋಡಿದ. ಹರಳು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ, ಹಲ್ಲು ಕಚ್ಚಿ ಆಡುತ್ತಿದ್ದ. ಒಂದು ಹರಳು ಅವನ ಎಡ ಅಂಗೈಯಲ್ಲಿ ನಿಂತ ದಿನ ಇಬ್ಬರೂ ಜೋರಾಗಿ ನಕ್ಕೆವು. ನೀರುಕೋಳಿಗಳು ಬೆದರಿ ಜೊಂಡಿನೊಳಗೆ ಓಡಿದವು.

ರೊಟ್ಟಿ, ಪಲ್ಲೆ ಎಲ್ಲ ಉಪ್ಪಿಲ್ಲದವು. ಅವ್ವ ನನಗೆ ಬೇರೆ ಗಂಟಿನಲ್ಲಿ ಉಪ್ಪು ಖಾರ ಹಾಕಿ ಕುಟ್ಟಿದ ಅಗಸಿ ಹಿಂಡಿ ಕಟ್ಟಿಕೊಡುತ್ತಿದ್ದಳು. ಅಪ್ಪ ಅದರ ಕಡೆಗೆ ನೋಡುವುದನ್ನು ಕಂಡ ಮೇಲೆ ನಾನೂ ಅದನ್ನು ತಿನ್ನುವುದು ಬಿಟ್ಟೆ. ಕೆಲವು ದಿನಗಳಲ್ಲಿ ನನಗೆ ಬದನೆಕಾಯಿಗೆ ಅದರದ್ದೇ ಒಂದು ರುಚಿ ಇದೆ ಎಂದು ತಿಳಿಯಿತು.

ನಾನು ಬಾಯಿಬಡಕಿ ಹುಡುಗಿ. ಸುಮ್ಮನೆ ಕೂರುವುದು ನನಗೂ ಸುಲಭವಾಗಿರಲಿಲ್ಲ. ಕೂತು ಕೂತು ಒಂದು ತಿಂಗಳಾದ ಮೇಲೆ ಒಳಗೆ ಏನೋ ತಿಳಿಯಾಗತೊಡಗಿತು. ಕೆರೆಯ ದಂಡೆಯಲ್ಲಿ ಎಮ್ಮೆಗಳು ಇಳಿದು ಕದಡಿದ ನೀರು, ಅವು ಹೋದ ಮೇಲೆ ತಾನಾಗಿ ತಿಳಿಯಾಗಿ ತಳದ ಹರಳು ಕಾಣುತ್ತಿತ್ತಲ್ಲ, ಹಾಗೆ ಒಂದು ನೆನಪು ಮೇಲೆ ಕಾಣಿಸತೊಡಗಿತು. ಅದು ನನ್ನ ಅಕ್ಕನದು.

ಅಕ್ಕನ ಹೆಸರು ಗಿರಿಜಾ. ಹದಿಮೂರಕ್ಕೆ ಅವಳನ್ನು ಯಲವಿಗಿಗೆ ಕೊಟ್ಟಿದ್ದರು. ಹದಿನೈದಕ್ಕೆ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಅಲ್ಲಿಂದ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಅಪ್ಪನ ಮುಂದೆ ಎತ್ತಬಾರದು ಎಂದು ಅವ್ವನ ಕಟ್ಟಪ್ಪಣೆ. ಮದುವೆಯಾದ ಮೇಲೆ ಒಂದು ನಾಗರಪಂಚಮಿಗೆ ಅಕ್ಕ ಮನೆಗೆ ಬಂದಿದ್ದಳು. ಜೋಕಾಲಿ ಕಟ್ಟಿದ್ದರು, ಶೇಂಗಾ ಉಂಡಿ, ಅಳ್ಳಿಟ್ಟು ಮಾಡಿದ್ದರು. ಅಕ್ಕ ಜೋಕಾಲಿ ಆಡಲಿಲ್ಲ. ತಿರುಗಿ ಹೋಗುವ ಹಿಂದಿನ ದಿನ ಹಿತ್ತಲಿನ ಬಣವೆಯ ಮರೆಯಲ್ಲಿ ಕೂತು ಅಳುತ್ತಿದ್ದವಳನ್ನು ನಾನು ಕಂಡೆ. ನನಗೆ ಆಗ ಆರು ವರ್ಷ. ನನ್ನನ್ನು ತಬ್ಬಿ ಹಿಡಿದು ಅವಳು ಹೇಳಿದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು. ಅವಳು ಸತ್ತ ಮೇಲೆ ಆ ಮಾತು ನನ್ನ ಎದೆಯಲ್ಲಿ ನೆಲೆಸಿಬಿಟ್ಟಿತ್ತು. ನಾನು ಹೇಳಿದ್ದರೆ ಅಕ್ಕ ಹೋಗುತ್ತಿರಲಿಲ್ಲ, ಹೋಗದಿದ್ದರೆ ಸಾಯುತ್ತಿರಲಿಲ್ಲ ಎಂದು ಒಬ್ಬಳೇ ಲೆಕ್ಕ ಹಾಕಿಕೊಂಡಿದ್ದೆ.

ಕೆರೆಯ ಮುಂದೆ ಕೂತಾಗ ಇದು ದಿನವೂ ಬರತೊಡಗಿತು. ಭಟ್ಟಿಯ ಸದ್ದಿನಲ್ಲಿ, ಸಾಲೆಯ ಗದ್ದಲದಲ್ಲಿ ಅದನ್ನು ಅದುಮಿ ಇಡಬಹುದಿತ್ತು. ಇಲ್ಲಿ ಎಲ್ಲಿಗೆ ಓಡುವುದು? ಅಪ್ಪನಿಗೂ ಇದೇ ಆಗುತ್ತಿತ್ತೆಂದು ನನಗೆ ಹೇಗೆ ಗೊತ್ತಾಗಬೇಕು.

ಸಂಕ್ರಾಂತಿಗೆ ಇನ್ನೂ ಒಂದು ವಾರ ಇತ್ತು. ಅಂದು ಮಂಜು ಬೇಗ ಕರಗಿತ್ತು. ತೂಬಿನ ಆಚೆ ಅಗಸರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಲ್ಲಿ ಒಬ್ಬ ಎಳೆಯ ಹುಡುಗಿ ಏನೋ ಹೇಳಿಕೊಂಡು ನಗುತ್ತಿದ್ದಳು. ಅಪ್ಪ ಬಹಳ ಹೊತ್ತು ಆ ಕಡೆಗೆ ಕಿವಿ ಕೊಟ್ಟು ಕೂತಿದ್ದ. ಆಮೇಲೆ ನನ್ನ ಕಡೆಗೆ ನೋಡದೆಯೇ ಕೇಳಿದ.

"ಸರೂ, ಗಿರಿಜಾನ ಧ್ವನಿ ಹೆಂಗಿತ್ತು?"

ಐದು ವರ್ಷದಲ್ಲಿ ಆ ಹೆಸರನ್ನು ಅಪ್ಪನ ಬಾಯಿಂದ ಕೇಳಿರಲಿಲ್ಲ. ಅಪ್ಪನೇ ಮುಂದುವರಿದ.

"ಒಂದು ವಾರದಿಂದ ನೆನಪು ಮಾಡಾಕತ್ತೇನಿ. ಬರವಲ್ದು. ಆಕಿ ಮದವಿ ದಿನ ಭಟ್ಟಿಗೆ ಎಷ್ಟು ಚೀಲ ಭತ್ತ ಬಂದಿತ್ತು ಅಂತ ಕೇಳು, ಹೇಳ್ತೇನಿ. ಆಕಿ ಏನ್ ಉಟ್ಟಿದ್ಲು ಅಂತ ಹೇಳಾಕ ಬರೂದಿಲ್ಲ."

ಅಕ್ಕನ ಧ್ವನಿ ಸ್ವಲ್ಪ ದಪ್ಪಗೆ ಇತ್ತು, ನಗುವಾಗ ಮಾತ್ರ ಸಣ್ಣಗಾಗುತ್ತಿತ್ತು ಎಂದೆ. ಮದುವೆಯಲ್ಲಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಅದು ಉದ್ದವಾಗಿ ಎರಡು ಸಲ ಎಡವಿದಳು ಎಂದು ಅವ್ವ ಆಗ ಹೇಳಿದ್ದನ್ನೂ ಹೇಳಿದೆ. ಅಪ್ಪ ತಲೆಯಾಡಿಸುತ್ತ ಕೇಳುತ್ತಿದ್ದ. ಮತ್ತೆ ಏನಾದರೂ ನೆನಪಿದೆಯೇ ಎಂದ. ಆಗ ನನಗೆ ಡಾಕ್ಟರ ಮಾತು ನೆನಪಾಯಿತು. ಎದೆಗೆ ಹತ್ತುವಂಥ ಮಾತು ಆಡಬಾರದು. ತುಟಿ ಬಿಗಿ ಹಿಡಿದೆ. ಆದರೆ ಅಳು ತಡೆಯಲಿಲ್ಲ. ಅಪ್ಪ ಯಾಕೆ ಎಂದು ಕೇಳಿದ, ಬೈಯುವ ಧ್ವನಿಯಲ್ಲಲ್ಲ, ಆ ನೀರಗಂಟಿ ಮಾತಾಡುತ್ತಿದ್ದನಲ್ಲ ಅಂಥ ಧ್ವನಿಯಲ್ಲಿ. ಎಲ್ಲವನ್ನೂ ಹೇಳಿಬಿಟ್ಟೆ.

"ಬಣವಿ ಹಿಂದ ಕುಂತು ಅಳಾಕತ್ತಿದ್ಲಪ್ಪಾ. 'ನಾ ಯಲವಿಗಿಗೆ ಹೋಗೂದಿಲ್ಲ ಸರೂ, ಅಲ್ಲಿ ನನಗ ಅಂಜಿಕಿ ಬರತೈತಿ' ಅಂದ್ಲು. 'ಅಪ್ಪಗ ಹೇಳಬ್ಯಾಡ, ಅಪ್ಪಗ ಪುರುಸೊತ್ತಿಲ್ಲ, ಸಿಟ್ಟಾಗ್ತಾನ' ಅಂದ್ಲು. ನಾ ಹೇಳಲಿಲ್ಲಪ್ಪಾ. ನಾ ಹೇಳಬೇಕಾಗಿತ್ತು."

ಅಪ್ಪ ಎದ್ದು, ನನ್ನ ಆಸರೆ ಇಲ್ಲದೆ, ತೂಬಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ. ಫಕೀರಪ್ಪ ಓಡಿ ಬಂದು ಹಿಡಿಯಲು ನೋಡಿದ. ಅಪ್ಪ ಬೇಡ ಎಂದು ಕೈ ಸನ್ನೆ ಮಾಡಿದ. ಬಲಗೈಯಲ್ಲಿ ನೀರು ಮೊಗೆದು ಮುಖಕ್ಕೆ ಹಾಕಿಕೊಂಡ. ಮತ್ತೆ ಮತ್ತೆ ಹಾಕಿಕೊಂಡ. ಮೇಲೆ ಬಂದವನು ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟು, "ನಿನ್ನ ತಪ್ಪಲ್ಲ ಅದು. ನೀ ಕೂಸು ಇದ್ದಿ" ಎಂದಷ್ಟೇ ಹೇಳಿದ.

ಮರುದಿನ ಅಪ್ಪ ಕೆರೆಗೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಉಣ್ಣಲೂ ಏಳಲಿಲ್ಲ. ನಾನು ಅವನನ್ನು ಕೊಂದುಬಿಟ್ಟೆ ಎಂದೇ ತಿಳಿದೆ. ಸಾಲೆಗೆ ಹೋಗದೆ ಬಾಗಿಲಲ್ಲಿ ಕೂತು, ಕಂಬಳಿ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಅವ್ವ ಏನಾಯಿತೆಂದು ಗದರಿಸಿ ಕೇಳಿದಾಗ ಅವಳಿಗೂ ಹೇಳಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದವಳು, ಅಪ್ಪನ ಬೆನ್ನ ಹಿಂದೆ ನಿಂತು ಮಾತಾಡಿದಳು. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನನಗೂ ಅತ್ತು ಹೇಳಿದ್ಲರಿ. ನಿಮಗ ಹೇಳಾಕ ಮೂರು ಸಲ ಭಟ್ಟಿ ಬಾಗಲಕ್ಕ ಬಂದೆ. ಮೂರೂ ಸಲ 'ಆಮ್ಯಾಲೆ ಬಾ' ಅಂದ್ರಿ. ಈಗ ಗ್ವಾಡಿ ಕಡೆ ಮಾರಿ ಮಾಡಿದರ ಆಕಿ ಬರ್ತಾಳೇನ್ರಿ? ಇರೂ ಮಗಳ ಕಡೆ ನೋಡ್ರಿ."

ಆಮೇಲೆ ತಾನೇ ಬಾಗಿಲಿಗೆ ಆತುಕೊಂಡು ಅತ್ತಳು. ಅಪ್ಪ ಎದ್ದು ಕೂತ. ಸಂಜೆಯ ಹೊತ್ತಿಗೆ ಒಂದು ಬಟ್ಟಲು ಗಂಜಿ ಕುಡಿದ. ಮೂರನೆಯ ದಿನ ಬೆಳಿಗ್ಗೆ ಅವನೇ ಕಂಬಳಿ ಹೊದ್ದು ಅಂಗಳದಲ್ಲಿ ನಿಂತು, "ನಡಿಯವ್ವಾ" ಎಂದು ನನ್ನನ್ನು ಕರೆದ.

ಸಂಕ್ರಾಂತಿಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕೆರೆಗೆ ಹೋದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಅಪ್ಪ ತಮ್ಮನನ್ನು ಕೂರಿಸಿಕೊಂಡು ಮಿಂಚುಳ್ಳಿಯನ್ನು ತೋರಿಸಿದ. ಅವ್ವ ಆ ಕಲ್ಲಿನ ಮೇಲೆ ಕೂತು ನೀರು ನೋಡಿದಳು. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಕೊಡ ತುಂಬಿಸಲಿಕ್ಕಲ್ಲದೆ ಕೆರೆಗೆ ಬಂದದ್ದು ಇದೇ ಮೊದಲು ಎಂದಳು.

ಅದಾದ ನಾಲ್ಕನೆಯ ದಿನ ಹಿರೇಕೆರೂರಿನ ಬಸ್ಸಿಗೆ ಅತ್ತೆ, ಮಾವ ಬಂದರು. ಅತ್ತೆಯ ಬುಟ್ಟಿಯಲ್ಲಿ ಸೀರೆ, ಖಣ, ಬೆಲ್ಲ, ಎಲೆ ಅಡಿಕೆ. ಬಂದವಳೇ ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆ ನೇವರಿಸಿದಳು. ಅಪ್ಪ ಮಾವನಿಗೆ ನೀರು ಕೊಡಿಸಿ, ಕ್ಷೇಮ ವಿಚಾರಿಸಿ, ಸುತ್ತು ಬಳಸದೆ ಹೇಳಿದ: ಈ ಮದುವೆ ಈಗ ಬೇಡ. ಸರೋಜಾ ಹೈಸ್ಕೂಲು ಓದಲಿ. ಮಲ್ಲಣ್ಣನಿಗೆ ಬೇರೆ ಕಡೆ ನೋಡಿರಿ.

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ಜಡ್ಡಿನಿಂದ ಅಣ್ಣನ ತಲೆ ಕೆಟ್ಟಿದೆ ಎಂದು ಅವ್ವನ ಮುಖ ನೋಡಿದಳು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗಲಿಲ್ಲ.

"ಅಣ್ಣಾ, ನೀ ಮಾತು ಕೊಟ್ಟಿದ್ದಿ" ಎಂದಳು ಅತ್ತೆ.

"ಕೊಟ್ಟಿದ್ದೆ ತಂಗಿ. ಭಟ್ಟಿ ಮುಂದ ನಿಂತು ಕೊಟ್ಟಿದ್ದೆ, ವಿಚಾರ ಮಾಡಿ ಕೊಟ್ಟಿರಲಿಲ್ಲ. ಗಿರಿಜಾನ್ನೂ ಹಂಗ ಕೊಟ್ಟೆ. ನೀ ನನಗ ಏನ್ ಬೇಕಾರ ಅನ್ನು, ಅನಿಸ್ಕೋತೇನಿ."

ಆಮೇಲೆ ಅಪ್ಪ ನನ್ನ ಕಡೆಗೆ ತಿರುಗಿದ. ಎಲ್ಲರ ಮುಂದೆ, ನನ್ನ ಹೆಸರು ಹಿಡಿದು, "ಸರೂ, ನಿನ್ನ ಮನಸಿನ್ಯಾಗ ಏನ್ ಐತಿ, ನೀನ ಹೇಳು" ಎಂದ. ಹಿರಿಯರು ಕೂತಲ್ಲಿ ಹನ್ನೆರಡು ವರ್ಷದ ಹುಡುಗಿಯ ಮನಸ್ಸು ಕೇಳುವುದು ಆಗ ಯಾರೂ ಕಂಡು ಕೇಳಿದ್ದಲ್ಲ. ಅತ್ತೆಯ ಕೈ ಇನ್ನೂ ನನ್ನ ಜಡೆಯ ಮೇಲಿತ್ತು. ಅವಳಿಗೆ ನೋವಾಗುತ್ತದೆ ಎಂದು ಗೊತ್ತಿತ್ತು. ಮಲ್ಲಣ್ಣನ ಮೇಲೂ ನನಗೆ ಯಾವ ಸಿಟ್ಟೂ ಇರಲಿಲ್ಲ. ಎರಡು ತಿಂಗಳು ಕೆರೆಯ ಮುಂದೆ ಕೂರದಿದ್ದರೆ ಬಾಯಿ ಬರುತ್ತಿರಲಿಲ್ಲ ಎಂದೇ ಇಂದಿಗೂ ನಂಬಿದ್ದೇನೆ. ನನ್ನ ಮನಸ್ಸಿನಲ್ಲಿ ಏನಿದೆ ಎಂಬುದು ನನಗೇ ಗೊತ್ತಿರುತ್ತಿರಲಿಲ್ಲ.

"ನಾ ಸಾಲಿ ಕಲೀತೇನ್ರಿ ಅತ್ತಿ" ಎಂದೆ.

ಅತ್ತೆ ಕೈ ತೆಗೆದಳು. ಬುಟ್ಟಿಯ ಸಾಮಾನನ್ನು ತಿರುಗಿ ಜೋಡಿಸಿಕೊಂಡಳು. ಅವ್ವ ಎಲೆ ಹಾಕಿದ್ದಳು, ಉಣ್ಣಲಿಲ್ಲ. ಬಿಸಿಲಿನಲ್ಲಿ ಇಬ್ಬರೂ ಬಸ್ಸಿನ ಕಡೆಗೆ ಹೊರಟರು. ಅಪ್ಪ ಅವರ ಹಿಂದೆ ಓಣಿಯ ತುದಿಯವರೆಗೆ ಹೋದ. ಅಷ್ಟು ಬೇಗ ನಡೆಯಲು ಅವನಿಂದ ಆಗಲಿಲ್ಲ. ಒಂದು ಕಟ್ಟೆ ಹಿಡಿದು ನಿಂತುಕೊಂಡ. ಅತ್ತೆ ತಿರುಗಿ ನೋಡಲಿಲ್ಲ.

ಅಲ್ಲಿಂದ ಪರೀಕ್ಷೆಯವರೆಗೆ ನಾನು ಪುಸ್ತಕಗಳನ್ನು ಕೆರೆಗೆ ಒಯ್ದೆ. ಅಪ್ಪನಿಗೆ ಓದು ಹೆಚ್ಚು ಬರುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದ ಭೂಗೋಳ, ಇತಿಹಾಸ ಎಲ್ಲವನ್ನೂ ಕೇಳುತ್ತಿದ್ದ. ಗಂಗಾ ನದಿಯ ಪಾಠ ಅವನಿಗೆ ಬಾಯಿಪಾಠವಾಗಿತ್ತು. ಶಿವರಾತ್ರಿಯ ಹೊತ್ತಿಗೆ ಎಡಗೈಯಲ್ಲಿ ಮೂರು ಹರಳು ಹಿಡಿಯುತ್ತಿದ್ದ. ಮುಲ್ಕಿ ಪಾಸಾದೆ. ಹೈಸ್ಕೂಲಿಗೆ ಹೋದೆ, ಆಮೇಲೆ ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ, ಮುಂದೆ ಶಿಗ್ಗಾಂವಿ, ಸವಣೂರು ಕಡೆಯ ಸಾಲೆಗಳಲ್ಲಿ ಮೂವತ್ತಾರು ವರ್ಷ ನೌಕರಿ.

ಯುಗಾದಿಯಾದ ಮೇಲೆ ಡಾಕ್ಟರು ಅಪ್ಪನನ್ನು ನೋಡಿ, ಇನ್ನು ಭಟ್ಟಿಗೆ ಹೋಗಬಹುದು ಎಂದರು. ಮರುದಿನವೇ ಅಪ್ಪ ಹೋದ. ಮೊದಲು ಒಂದು ತಾಸು, ಆಮೇಲೆ ಅರ್ಧ ದಿನ, ಮಳೆಗಾಲ ಬರುವಷ್ಟರಲ್ಲಿ ಪೂರ್ತಿ. ಕೂಗಾಟ ಸ್ವಲ್ಪ ತಗ್ಗಿತ್ತು, ನಿಜ. ನನ್ನ ಸಾಲೆಯ ಫೀ, ಪುಸ್ತಕ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಆದರೆ ಒಂದೆರಡು ಸಲ, ಕೆರೆಗೆ ಹೋಗೋಣವೇ ಅಪ್ಪಾ ಎಂದು ಕೇಳಿದಾಗ, ನಾಳೆ ಹೋಗೋಣ ಎಂದ. ಆ ನಾಳೆ ಬರಲಿಲ್ಲ. ಆಮೇಲೆ ನಾನೇ ಕೇಳುವುದು ಬಿಟ್ಟೆ. ಎಲ್ಲರೂ ದೇವರಿಗೆ ಕಾಯಿ ಒಡೆಸಿ, ಸಾವಕಾರರು ಗುಣವಾದರು ಎಂದು ಸಂತೋಷಪಟ್ಟರು. ನಾನೂ ಸಂತೋಷಪಟ್ಟೆ. ಆದರೆ ಚಳಿಗಾಲದಲ್ಲಿ ನನಗೆ ಸಿಕ್ಕಿದ್ದ ಆ ಮನುಷ್ಯ, ಗುಣವಾದ ಅಪ್ಪನೊಳಗೆ ಎಲ್ಲೋ ಸೇರಿಹೋದ.

ಅತ್ತೆ ನಮ್ಮ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಮಲ್ಲಣ್ಣನ ಮದುವೆಗೆ ಕರೆ ಬರಲಿಲ್ಲ. ಅಪ್ಪ ವರ್ಷಕ್ಕೊಮ್ಮೆ ಪಂಚಮಿಗೆ ಅವಳಿಗೆ ಸೀರೆ ಕಳಿಸುತ್ತಿದ್ದ. ಅದು ತಿರುಗಿ ಬರುತ್ತಲೂ ಇರಲಿಲ್ಲ, ಉತ್ತರವೂ ಬರುತ್ತಿರಲಿಲ್ಲ. ನನ್ನ ಓದಿಗೆ ಅಪ್ಪ ಕೊಟ್ಟದ್ದು ತನ್ನ ಒಬ್ಬಳೇ ತಂಗಿಯನ್ನು. ಅದನ್ನು ಅವನು ಒಮ್ಮೆಯೂ ಎತ್ತಿ ಆಡಲಿಲ್ಲ.

ಈಗ ನನಗೆ ಎಂಬತ್ತು ಹತ್ತಿರ. ಜನ ನನ್ನನ್ನು ನೋಡಿ, ಟೀಚರಿಗೆ ಒಂದು ದಿನ ಜಡ್ಡು ಬಂದದ್ದು ಕಂಡಿಲ್ಲ, ಪುಣ್ಯವಂತರು ಎನ್ನುತ್ತಾರೆ. ನಿಜ. ನೌಕರಿಯುದ್ದಕ್ಕೂ ನನ್ನನ್ನು ಹಿಡಿದು ಕೂರಿಸುವಂಥ ಜಡ್ಡು ಬರಲಿಲ್ಲ. ಬಸ್ಸು ಹಿಡಿದು ಓಡಿದೆ, ಪರೀಕ್ಷೆ ಪೇಪರು ತಿದ್ದಿದೆ, ನಿಂತೇ ಚಹಾ ಕುಡಿದೆ. ಊರಿನ ಎಷ್ಟೋ ಹೆಣ್ಣುಮಕ್ಕಳ ಅಪ್ಪಂದಿರನ್ನು ಕರೆಸಿ, ಮಗಳ ಮನಸ್ಸು ಕೇಳಿರಿ ಎಂದು ಹೇಳಿ ಕಳಿಸಿದೆ.

ನನ್ನ ಮಗಳಿಗೆ ಈಗ ಐವತ್ತು ದಾಟಿದೆ. ಹುಬ್ಬಳ್ಳಿಯಲ್ಲಿ ಇರುತ್ತಾಳೆ. ಹೋದ ದೀಪಾವಳಿಗೆ ಬಂದವಳು ಒಂದು ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು ಬೆನ್ನು ನೋಡಿಯೇ ತಿಳಿಯಿತು. ಒಲೆಯ ಮೇಲಿನ ಹಾಲು ಇಳಿಸಿ, ಹೋಗಿ ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಐದು ನಿಮಿಷವಾಗಿರಬೇಕು. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು.

"ಯಾಕವ್ವಾ, ಏನಾತು? ಏನಾರ ಕೆಲಸ ಇತ್ತೇನ?"

ಏನಿಲ್ಲ, ಸುಮ್ಮನೆ ಕೂತೆ ಎಂದೆ. ಅವಳು ನಂಬಲಿಲ್ಲ. ಹೇಳವ್ವಾ, ಏನು ತರಬೇಕು, ಎಲ್ಲಿಗೆ ಹೋಗಬೇಕು ಎನ್ನುತ್ತ ಎದ್ದು ನಿಂತು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಳು. ಅವಳದೇನೂ ತಪ್ಪಿಲ್ಲ. ಐವತ್ತು ವರ್ಷದಲ್ಲಿ ನಾನು ಕೆಲಸವಿಲ್ಲದೆ ಅವಳ ಪಕ್ಕದಲ್ಲಿ ಕೂತದ್ದು ಅವಳಿಗೆ ಒಂದು ಸಲವೂ ನೆನಪಿರಲಿಲ್ಲ. ನೆನಪಿರಲು ನಾನು ಕೂತಿರಲಿಲ್ಲ.